ಗಾಡಿ ಹೊಡೆದ ಹೊಸ್ತಿಲು

ಬಡಗಿಯ ಬಾಯಲ್ಲಿ ಗಾಡಿ ಎಂದರೆ ಎತ್ತು ಎಳೆಯುವ ಬಂಡಿಯಲ್ಲ. ಮರದ ಮೈಮೇಲೆ ದಾರ ಹಿಡಿದಂತೆ ನೇರವಾಗಿ ತೋಡಿದ ಸಣ್ಣ ಕಾಲುವೆ. ಇವತ್ತು ವೈರಿಂಗ್ ಕೆಲಸದವರೂ ಗೋಡೆಗೆ ‘ಗಾಡಿ ಹೊಡೆಯುತ್ತಾರೆ’. ಆದರೆ ರೋಲಿಂಗ್ ಶಟರ್ ಬರುವ ಮುಂಚೆ, ನಂಜನಗೂಡು, ತಿ. ನರಸೀಪುರದಂಥ ಹಳೇ ಮೈಸೂರಿನ ಪೇಟೆಗಳಲ್ಲಿ ಬೆಳಗಿನ ಬೋಣಿಯಿಂದ ರಾತ್ರಿಯ ಬೀಗದವರೆಗೆ ವ್ಯಾಪಾರವೆಲ್ಲ ನಿಂತಿದ್ದದ್ದು ಹೊಸ್ತಿಲಿಗೆ ಹೊಡೆದ ಒಂದು ಗಾಡಿಯ ಮೇಲೆ.

ಅದು ಹಲಗೆ ಬಾಗಿಲಿನ ಕಾಲ. ಅಂಗಡಿಗೆ ಕದ, ತಿರುಗಣಿ ಎಂಬುದಿಲ್ಲ. ಕೆಳಗೆ ಮರದ ಹೊಸ್ತಿಲು, ಮೇಲೆ ತೊಲೆ. ಎರಡರಲ್ಲೂ ಎದುರುಬದುರು ಗಾಡಿ. ಮೇಲಿನದು ಆಳ, ಕೆಳಗಿನದು ಅಷ್ಟಿಲ್ಲ. ಹಲಗೆಯ ತಲೆಯನ್ನು ಮೇಲಿನ ಗಾಡಿಗೆ ತೂರಿಸಿ, ಎತ್ತಿ, ಬುಡವನ್ನು ಕೆಳಗಿನದಕ್ಕೆ ಇಳಿಬಿಟ್ಟರೆ ಒಂದು ಹಲಗೆ ನಿಂತಿತು. ಹೀಗೆ ಒಂದರ ಪಕ್ಕ ಒಂದು. ಇನ್ನು ಕೆಲವೆಡೆ ಗಾಡಿಯ ಒಂದು ತುದಿಯಲ್ಲಿ ಮುಂದಿನ ಅಂಚನ್ನು ಕಡಿದು ಬಾಯಿ ಬಿಡಿಸಿರುತ್ತಿದ್ದರು. ಹಲಗೆಗಳು ಆ ಬಾಯಿಂದಲೇ ಒಳಹೊಕ್ಕು ಉದ್ದಕ್ಕೂ ಜಾರಿ ಸಾಲುಗಟ್ಟುತ್ತಿದ್ದವು. ಕೊನೆಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ, ಅದಕ್ಕೊಂದು ಬೀಗ.

ಪ್ರತಿ ಹಲಗೆಯನ್ನೂ ಅದರದೇ ಜಾಗಕ್ಕೆ ಕೈಯಿಂದ ಕೆತ್ತಿ ಕೂರಿಸಿದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಬರುತ್ತಿರಲಿಲ್ಲ. ಅದಕ್ಕೇ ಬೆನ್ನಿನ ಮೇಲೆ ೧, ೨, ೩ ಎಂದು ಅಂಕಿ. ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ತಕ್ಕಡಿ ಹಿಡಿಯುವುದಕ್ಕಿಂತ ಮುಂಚೆ ಬರಬೇಕಾದ ಲೆಕ್ಕ ಅದು.

ಹೊಸ ಬಾಗಿಲವಾಡಕ್ಕೆ ಗಾಡಿ ಹೊಡೆಯುವುದು ದೊಡ್ಡ ಮಾತಲ್ಲ. ಮರ ಇನ್ನೂ ಬಡಗಿಯ ಮುಂದೆ ಮಲಗಿರುತ್ತದೆ, ಉಜ್ಜುಗೊರಡು ಈ ತುದಿಯಿಂದ ಆ ತುದಿಗೆ ಸಲೀಸಾಗಿ ಓಡುತ್ತದೆ. ಕೈಚಳಕ ಬೇಕಾಗುವುದು ಕೂರಿಸಿ ಮುಗಿಸಿದ ಹೊಸ್ತಿಲಿಗೆ. ತೇರುಬೀದಿಯ ಮನೆಯೊಂದರ ಮುಂಭಾಗ ಅಂಗಡಿಯಾಗಬೇಕೆಂದರೆ ಹೊಸ್ತಿಲನ್ನು ಕೀಳುವಂತಿಲ್ಲ. ಅರಿಶಿನ ಕುಂಕುಮ ಕಂಡ ಮರ ಅದು. ಇದ್ದಲ್ಲೇ ಕೊರೆಯಬೇಕು.

ಮೊದಲು ಬಣ್ಣದಲ್ಲಿ ಅದ್ದಿದ ನೂಲನ್ನು ಎರಡು ತುದಿಗೆ ಬಿಗಿಹಿಡಿದು ಮಧ್ಯೆ ಎತ್ತಿ ಬಿಟ್ಟರೆ ನೇರ ಗೆರೆ ಬೀಳುತ್ತದೆ. ಗೆರೆಯ ಪಕ್ಕಕ್ಕೆ ಒಂದು ರೀಪನ್ನು ಮೊಳೆ ಹೊಡೆದು ನಿಲ್ಲಿಸಿದರೆ ಗರಗಸಕ್ಕೆ ದಾರಿ ತೋರಿಸಲು ಅದೇ ಸಾಕು. ನೇರವಾಗಿ ಉಳಿ ಇಕ್ಕುವುದು ಮಾತ್ರ ತಪ್ಪು: ಮರದ ಎಳೆ ಎತ್ತ ಓಡುತ್ತದೋ ಉಳಿಯೂ ಅತ್ತಲೇ ಜಾರಿ, ಸಿಬಿರು ಎದ್ದು ಅಂಚು ಕೆಡುತ್ತದೆ. ಆದ್ದರಿಂದ ಮೊದಲು ಎರಡೂ ಬದಿಗೆ ಗರಗಸದ ಗೀರು, ಆಮೇಲೆ ನಡುವಿನ ಮರವನ್ನು ಉಳಿಯಿಂದ ತೆಗೆದು, ಕೊನೆಗೆ ಗಾಡಿಗೊರಡಿನಿಂದ ತಳ ಸಮ ಮಾಡುವುದು. ಗೋಡೆಯ ಹತ್ತಿರ ಬಂದಾಗ ಗೊರಡಿನ ಮೈ ಪಕ್ಕದ ಕಂಬಕ್ಕೆ ಬಡಿದು ನಿಲ್ಲುತ್ತದೆ. ಕೊನೆಯ ಆ ಗೇಣಷ್ಟು ಜಾಗ ಪೂರ್ತಿ ಉಳಿ ಕೊಡತಿಗಳ ಪಾಲು.

ಜನ ಬಂದುಹೋಗುವ ನಂಜನಗೂಡು, ತಿ. ನರಸೀಪುರ ಎರಡೂ ಊರುಗಳಿಗೆ ಇಂಥ ಅಂಗಡಿ ಹೊಂದುತ್ತಿತ್ತು. ನಂಜನಗೂಡಿನಲ್ಲಿ ಕಪಿಲಾ ನದಿಗೆ 1735ರಲ್ಲೇ ದಳವಾಯಿ ದೇವರಾಜಯ್ಯ ಕಲ್ಲಿನ ಸೇತುವೆ ಕಟ್ಟಿಸಿದ್ದ. 1891ರಲ್ಲಿ ಮೈಸೂರಿನಿಂದ ರೈಲು ಬಂತು. ಬಂಡಿಗಾಗಿ ಕಟ್ಟಿದ ಸೇತುವೆಯೇ ಕಂಬಿಯನ್ನೂ ಹೊತ್ತಿತು. ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯಲ್ಲಿ ಗಣಪತಿಯಿಂದ ಚಂಡಿಕೇಶ್ವರನವರೆಗೆ ಐದು ತೇರುಗಳು ಹೊರಡುವಾಗ ಬೀದಿ ತುಂಬ ಜನ. ಹಲಗೆಗಳನ್ನೆಲ್ಲ ತೆಗೆದಿಟ್ಟರೆ ಅಂಗಡಿಯ ಮುಂಭಾಗ ಪೂರ್ತಿ ಬಯಲು. ಒಳಗಿರುವ ಸರಕೆಲ್ಲ ಹಾದಿಹೋಕನ ಕಣ್ಣಿಗೆ. ತೆಗೆದ ಹಲಗೆಯನ್ನು ಎರಡು ಕಲ್ಲಿನ ಮೇಲೆ ಅಡ್ಡ ಹಾಸಿದರೆ ಅದೇ ಸರಕು ಹರಡುವ ಜಗಲಿ.

ಕಪಿಲೆ ಇಲ್ಲಿಂದ ಹರಿದು ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿನ ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಿರುವುದೂ ಈ ಸಂಗಮದಲ್ಲೇ. ಗುಲಗಂಜಿ ಅಕ್ಕಸಾಲಿಗನ ತೂಕದ ಬೀಜವೂ ಹೌದು. ಬಡಗಿಯ ಲೆಕ್ಕವೂ ಅದೇ ಸೂಕ್ಷ್ಮದ್ದು: ಗಾಡಿ ಅಷ್ಟೇ ಅಷ್ಟು ಬಿಗಿಯಾದರೂ ಮಳೆಗಾಲದಲ್ಲಿ ಹಲಗೆ ಉಬ್ಬಿ ಕದಲದು, ಸಡಿಲಾದರೆ ಬೇಸಿಗೆಯಲ್ಲಿ ಲಟಲಟ ಅಲ್ಲಾಡುತ್ತದೆ.

ಕಪಿಲೆ ಹುಟ್ಟುವ ವಯನಾಡಿನ ಕಡೆ, ಮಲಯಾಳದಲ್ಲಿ, ಇದೇ ಬಾಗಿಲಿಗೆ ನಿರಪ್ಪಲಕ ಎಂದು ಹೆಸರು. ಇನ್ನೂ ದೂರ ಹೋದರೆ, ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪಾಂಪೆಯ ಅಂಗಡಿಗಳ ಕಲ್ಲಿನ ಹೊಸ್ತಿಲುಗಳಲ್ಲೂ ಹಲಗೆ ನಿಲ್ಲಿಸುವ ಉದ್ದನೆಯ ಗಾಡಿ ಇದೆ. ಹಲಗೆಗಳು ಕೊಳೆತುಹೋದ ಮೇಲೂ ಗಟ್ಟಿಯಾದ ಬೂದಿಯಲ್ಲಿ ಅವುಗಳ ಅಚ್ಚು ಉಳಿದಿತ್ತು. ಅಗೆದವರು ಅದಕ್ಕೆ ಪ್ಲಾಸ್ಟರ್ ಸುರಿದು, ಮುಚ್ಚಿದ ಅಂಗಡಿಯ ಬಾಗಿಲನ್ನೇ ಎರಕ ತೆಗೆದರು.

ನಮ್ಮಲ್ಲಿ ಹಲಗೆಯನ್ನು ಹಿಂದೆ ತಳ್ಳಿದ್ದು ಬೂದಿಯಲ್ಲ, ತಗಡು. ಹತ್ತು ಹನ್ನೆರಡು ಹಲಗೆ ಎತ್ತಿಡುವ ಶ್ರಮದ ಜಾಗದಲ್ಲಿ ಒಂದೇ ಎಳೆತ; ಮರದ ಬೆಲೆಯೂ ಏರಿತು, ಬೀದಿ ಅಗಲವಾದಾಗ ಹಳೇ ಮುಂಭಾಗಗಳೂ ಹೋದವು. ಹಾಗೆಂದು ಗಾಡಿ ಅಳಿಯಲಿಲ್ಲ. ಹೊಸ್ತಿಲು ಬಿಟ್ಟು ಎರಡೂ ಪಕ್ಕದ ಗೋಡೆಗೇರಿತು: ಶಟರ್ ಮೇಲೆ ಕೆಳಗೆ ಓಡುವುದು ಅಲ್ಲಿ ಕೂರಿಸಿದ ಕಬ್ಬಿಣದ ಕಾಲುವೆಯಲ್ಲೇ. ಮರದ ನೆಲಕ್ಕೋ ಕಪಾಟಿಗೋ ಗಾಡಿ ಬೇಕಾದಾಗ ಬಡಗಿ ಈಗ ರೌಟರ್ ಯಂತ್ರ ಹಿಡಿಯುತ್ತಾನೆ. ದಾರಿ ತಪ್ಪದಂತೆ ಪಕ್ಕಕ್ಕೆ ಬಿಗಿಯುವುದು ಮಾತ್ರ ಅದೇ ನೇರ ರೀಪು.

ಹಳೆಯ ಹೊಸ್ತಿಲುಗಳು ಹೋದ ಜಾಗಕ್ಕೆ ಗ್ರಾನೈಟ್ ಬಂದಿದೆ. ಬೆಳಗ್ಗೆ ಶಟರ್ ಎತ್ತಿದ ವ್ಯಾಪಾರಿ ಒಳಗೆ ಕಾಲಿಡುವ ಮುಂಚೆ ಬಗ್ಗಿ, ಆ ಕಲ್ಲಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಬೆರಳು ತಾಗುವುದು ಹಿಂದೆ ಗಾಡಿ ಇದ್ದ ಜಾಗಕ್ಕೇ.