ಹೆಪ್ಪು ಕರಗಿಸಿದ ರೋಗಾಣು

ಗಂಟಲು ಬೇನೆ ಬಂದು, ಎಂಜಲು ನುಂಗಲೂ ಆರದೆ ನೀವು ಎಂದಾದರೂ ನರಳಿರಬಹುದು. ಅದನ್ನು ತರುವ ರೋಗಾಣುಗಳಲ್ಲಿ ಸ್ಟ್ರೆಪ್ಟೊಕಾಕಸ್ ಎಂಬುದೊಂದು. ಸರದ ಮಣಿಗಳಂತೆ ಸಾಲುಗೂಡಿ ಬೆಳೆಯುವ ಜೀವಿ. ಹಿಂದೆ ಎಷ್ಟೋ ಬಾಣಂತಿಯರನ್ನು ಬಲಿ ತೆಗೆದುಕೊಂಡ ಜ್ವರಕ್ಕೂ ಇದೇ ಮೂಲ. ಇಂಥ ವೈರಿಯಿಂದಲೇ ಹೃದಯಾಘಾತಕ್ಕೆ ಮದ್ದು ದೊರೆತ ಕಥೆ ಕೇಳತಕ್ಕದ್ದು.

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿದ್ಯಾಲಯದಲ್ಲಿ ವಿಲಿಯಂ ಟಿಲೆಟ್ ಎಂಬ ವೈದ್ಯರು ಈ ರೋಗಾಣುವನ್ನು ಪರೀಕ್ಷಿಸುತ್ತಿದ್ದರು. ಇದು ಬೆರೆತ ರಕ್ತರಸ ಹೆಪ್ಪುಗಟ್ಟಲಾರದೆಂಬುದು ಅವರ ಊಹೆ. ಗಾಜಿನ ನಳಿಕೆಗಳಲ್ಲಿ ನೋಡಿದರೆ ಅದು ಎಂದಿನಂತೆಯೇ ಹೆಪ್ಪುಗಟ್ಟಿತು. ಊಹೆ ಸುಳ್ಳಾಯಿತು. ಆದರೆ ತುಸು ಹೊತ್ತಿನ ಮೇಲೆ ಮತ್ತೊಮ್ಮೆ ಕಣ್ಣು ಹಾಯಿಸಿದಾಗ, ರೋಗಾಣುವಿದ್ದ ನಳಿಕೆಗಳಲ್ಲಿ ಹೆಪ್ಪು ಕರಗಿ ನೀರಾಗಿತ್ತು! ಕೆಟ್ಟ ಪ್ರಯೋಗದ ನಳಿಕೆಗಳನ್ನು ತೊಳೆಯಲು ಕಳುಹಿಸಿಬಿಡುವುದು ಲೋಕರೂಢಿ. ಎರಡನೆಯ ಸಲ ನೋಡಿದ್ದೇ ಅವರ ಹಿರಿಮೆಯೆಂದು ನನ್ನ ಎಣಿಕೆ. ಗಾರ್ನರ್ ಅವರೊಡನೆ ಇದನ್ನು ೧೯೩೩ರಲ್ಲಿ ಪ್ರಕಟಿಸಿದರು.

೧೯೪೫ರ ವೇಳೆಗೆ ಕ್ರಿಸ್ಟೆನ್ಸನ್, ಮ್ಯಾಕ್ಲೌಡ್ ಎಂಬವರು ಇದರ ಮರ್ಮವನ್ನು ಬಿಡಿಸಿದರು. ಹೆಪ್ಪು ಕರಗಿಸುವ ಕಿಣ್ವ ನಮ್ಮ ರಕ್ತದಲ್ಲಿಯೇ ನಿದ್ರಿಸುತ್ತಿದೆ. ರೋಗಾಣುವಿನ ಸ್ರಾವ ಅದನ್ನು ಎಬ್ಬಿಸುತ್ತದೆ. ಆ ಸ್ರಾವವೇ ಸ್ಟ್ರೆಪ್ಟೊಕೈನೇಸ್. ಅದನ್ನೂ ಕಿಣ್ವವೆಂದೇ ಕರೆಯುವುದು ವಾಡಿಕೆ. ಕಟ್ಟುನಿಟ್ಟಾಗಿ ಹೇಳಿದರೆ ಅದು ಕಿಣ್ವವನ್ನು ಎಚ್ಚರಿಸುವ ದೂತ ಮಾತ್ರ.

ಎದೆಗೂಡಿನಲ್ಲಿ ರಕ್ತವೋ ಕೀವೋ ಗಟ್ಟಿಯಾಗಿ, ಸೂಜಿಯಿಂದ ಸೆಳೆಯಲು ಬಾರದಂಥ ರೋಗಿಗಳಿಗೆ ಟಿಲೆಟ್ ಮತ್ತು ಶೆರಿ ೧೯೪೯ರಲ್ಲಿ ಇದನ್ನು ಕೊಟ್ಟು ನೋಡಿದರು. ಗಟ್ಟಿಯಾದದ್ದು ತೆಳುವಾಗಿ ಹೊರಬಂದಿತು. ೧೯೫೮ರಲ್ಲಿ ಶೆರಿ ಮತ್ತವರ ಸಂಗಡಿಗರು ಹೃದಯಾಘಾತದ ರೋಗಿಗಳ ರಕ್ತನಾಳಕ್ಕೇ ಇದನ್ನು ಹರಿಸಿದರು. ಆದರೆ ರಕ್ತನಾಳದ ಹೆಪ್ಪು ಆಘಾತಕ್ಕೆ ಕಾರಣವಲ್ಲ, ಅದರ ಫಲವೆಂದು ವಾದಿಸುವವರು ಬಹಳ ಮಂದಿ ಇದ್ದರು. ಹೆಪ್ಪೇ ಕಾರಣವೆಂಬುದು ೧೯೮೦ರಲ್ಲಿ ಡಿವುಡ್ ತೆಗೆದ ರಕ್ತನಾಳದ ಚಿತ್ರಗಳಿಂದ ಮನದಟ್ಟಾಯಿತು. ಆ ನಡುವಿನ ವರ್ಷಗಳಲ್ಲಿ ಮದ್ದಿದ್ದೂ ಸತ್ತವರೆಷ್ಟೋ!

೧೯೮೬ರಲ್ಲಿ ಇಟಲಿಯ ವೈದ್ಯರು ಹನ್ನೊಂದು ಸಾವಿರಕ್ಕೂ ಮಿಕ್ಕ ರೋಗಿಗಳ ಲೆಕ್ಕ ಕೊಟ್ಟರು. ಮದ್ದಿಲ್ಲದವರಲ್ಲಿ ನೂರಕ್ಕೆ ೧೩ ಸಾವು; ಮದ್ದು ಪಡೆದವರಲ್ಲಿ ೧೦.೭. ನೋವು ಕಂಡ ಒಂದು ಗಂಟೆಯೊಳಗೆ ಮದ್ದು ಸಿಕ್ಕವರಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವಂತೂ ಇದ್ದೇ ಇದೆ.

ಇನ್ನೊಂದು ವಿಚಿತ್ರ ಉಂಟು. ಹಳೆಯ ಗಂಟಲು ಬೇನೆಯ ನೆನಪನ್ನು ನಮ್ಮ ರಕ್ತ ಮರೆಯುವುದಿಲ್ಲ. ವೈರಿಯ ಸ್ರಾವವೆಂದು ಗುರುತಿಸಿ ಮದ್ದನ್ನೂ ಎದುರಿಸುತ್ತದೆ. ಆ ಎದುರಾಳಿಗಳನ್ನು ಮೀರಲೆಂದೇ ಒಂದು ಗಂಟೆಯಲ್ಲಿ ೧೫ ಲಕ್ಷ ಮಾನಗಳಷ್ಟನ್ನು ಹರಿಸುವುದು. ಒಮ್ಮೆ ಪಡೆದವರಿಗೆ ಇದನ್ನು ಮತ್ತೆ ಕೊಡುವುದಿಲ್ಲ.