ರಿಪೋರ್ಟ್ ನಾರ್ಮಲ್, ಹೊಟ್ಟೆನೋವು ಮಾತ್ರ ನಿಜ

ಇವತ್ತಿನ ಇತಿಹಾಸ ನನ್ನ ಹೊಟ್ಟೆಯಿಂದಲೇ ಶುರುವಾಗುತ್ತೆ.

ಮೂಡಿಗೆರೆ ಕಡೆ ಹೈಸ್ಕೂಲ್ ಓದ್ತಿದ್ದ ಕಾಲ. ಸೋಮವಾರ ಬೆಳಗ್ಗೆ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿದ್ರೆ ಸಾಕು, ಹೊಕ್ಕುಳ ಸುತ್ತ ಹಿಂಡೋ ಹಾಗೆ ನೋವು. ಅಮ್ಮ ಜೀರಿಗೆ ಕಷಾಯ ಕೊಟ್ಟಳು. ಅಜ್ಜಿ ದೃಷ್ಟಿ ತೆಗೆದು, ಹೊರನಾಡು ಅನ್ನಪೂರ್ಣೇಶ್ವರಿಗೆ ಹರಕೆ ಹೊತ್ತಳು. ಆಮೇಲೆ ರಕ್ತ ಪರೀಕ್ಷೆ, ಸ್ಕ್ಯಾನ್. ಎಲ್ಲವೂ ನಾರ್ಮಲ್. ರಿಪೋರ್ಟ್ ಮಡಚಿಡ್ತಾ ಅಪ್ಪ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಏನೂ ಇಲ್ಲ ಅಂತೆ ಮಾರಾಯ. ಶಾಲೆ ತಪ್ಪಿಸೋ ನಾಟಕ." ನೋವಿಗಿಂತ ಆ ಮಾತೇ ಜಾಸ್ತಿ ಚುಚ್ಚಿತು.

ಈ "ಏನೂ ಇಲ್ಲ"ದ ಹಿಂದೆ ಬಿದ್ದವರ ಕಥೆ ಕೇಳಿ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲಿ ಅಂತ ಮಕ್ಕಳ ವೈದ್ಯರಿದ್ದರು. ಅವರು ಮತ್ತು ನೋರಾ ನೇಯ್ಶ್ ಸೇರಿ 1,000 ಶಾಲಾ ಮಕ್ಕಳ ಸಮೀಕ್ಷೆ ಮಾಡಿ, 1958ರಲ್ಲಿ ಪ್ರಕಟಿಸಿದರು. ಮೂರು ತಿಂಗಳಲ್ಲಿ ಕನಿಷ್ಠ ಮೂರು ಸಲ, ಆಟ ಪಾಠ ನಿಲ್ಲಿಸುವಷ್ಟು ಹೊಟ್ಟೆನೋವು ಬರುವ ಮಕ್ಕಳೆಷ್ಟು? ಹತ್ತರಲ್ಲಿ ಒಬ್ಬರಿಗಿಂತ ತುಸು ಹೆಚ್ಚು! ಅಂದ್ರೆ ನಲವತ್ತು ಮಕ್ಕಳ ಕ್ಲಾಸಿನಲ್ಲಿ ನಾಲ್ಕು ಜನ. ಇಂಥ ಮಕ್ಕಳನ್ನು ಆಸ್ಪತ್ರೆಯಲ್ಲಿ ಕೂಲಂಕಷವಾಗಿ ನೋಡಿದರೂ ದೇಹದಲ್ಲಿ ರೋಗ ಸಿಕ್ಕಿದ್ದು ಕೆಲವರಲ್ಲಿ ಮಾತ್ರ. ನೋವು ಹೊಕ್ಕುಳಿಂದ ದೂರ ಹೋದಷ್ಟೂ ದೇಹದ ರೋಗ ಇರುವ ಸಂಭವ ಜಾಸ್ತಿ ಅನ್ನೋ ಸೂತ್ರವನ್ನೂ ಆಪ್ಲಿ ಹೇಳಿದರು. ನನ್ನ ನೋವು ಹೊಕ್ಕುಳ ಸುತ್ತಲೇ ಇತ್ತು ನೋಡಿ.

ಈಗ ನಮ್ಮ ಘಟ್ಟ ಇಳಿಯೋಣ. ಕಳಸ, ಕುದುರೆಮುಖ ದಾಟಿ ಕರಾವಳಿಗೆ ಹೋದರೆ ಕೋಟ ಸಿಗುತ್ತೆ. ಮನೋವೈದ್ಯರಾದ ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್‌ಸ್ಟೇರ್ಸ್ ಆ ಊರಿನ ಜನರ ಮನಸ್ಸಿನ ಕಷ್ಟಗಳನ್ನು ಅಧ್ಯಯನ ಮಾಡಿ 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಪುಸ್ತಕ ತಂದರು. ಕಪೂರ್ ಅಲ್ಲಿ ವೈದ್ಯರು, ಮಂತ್ರವಾದಿಗಳು, ಪಾತ್ರಿಗಳ ಹತ್ತಿರವೂ ಹೋಗಿ ಕೂತರು. ಜನ ಡಾಕ್ಟರ ಮಾತ್ರೆಯನ್ನೂ ನುಂಗ್ತಿದ್ದರು, ಪಾತ್ರಿಯ ಮಾತನ್ನೂ ಕೇಳ್ತಿದ್ದರು. ಥೇಟ್ ನಮ್ಮ ಅಜ್ಜಿಯ ಹಾಗೆ! ನಮ್ಮ ಭಾಷೆಗೂ ಈ ನಂಟು ಗೊತ್ತು. ಅಸೂಯೆ ಆದ್ರೆ ಹೊಟ್ಟೆಕಿಚ್ಚು, ಸಂಕಟ ಆದ್ರೆ ಕರುಳು ಕಿವುಚಿದ ಹಾಗೆ, ಕ್ಷಮಿಸೋಕೆ ಹೊಟ್ಟೆಗೆ ಹಾಕ್ಕೊಳ್ಳೋದು.

ವಿಜ್ಞಾನ ಇದನ್ನೇ ಬಿಡಿಸಿ ಹೇಳುತ್ತೆ. ಕರುಳಿಗೆ ತನ್ನದೇ ನರಜಾಲ ಇದೆ, ಅದು ಮೆದುಳಿನ ಜೊತೆ ಸದಾ ಮಾತಾಡ್ತಿರುತ್ತೆ. ಆತಂಕ ಹೆಚ್ಚಾದಾಗ ಕರುಳಿನ ಚಲನೆ ಬದಲಾಗುತ್ತೆ, ಸಣ್ಣ ಹಿಗ್ಗು ಕುಗ್ಗು ಕೂಡ ನೋವಾಗಿ ಕೇಳಿಸುತ್ತೆ. ಸ್ಕ್ಯಾನ್ ಗಾಯವನ್ನು ತೋರಿಸುತ್ತೆ, ನರದ ಅತಿಸೂಕ್ಷ್ಮತೆಯನ್ನು ತೋರಿಸಲ್ಲ. 1994ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಸ್ಯಾಂಡರ್ಸ್ ತಂಡ ಇಂಥ ಮಕ್ಕಳಿಗೂ ಅವರ ತಂದೆತಾಯಿಗೂ ಮನೋಚಿಕಿತ್ಸೆ ಕೊಟ್ಟು ನೋಡಿತು. ಬರೀ ಮಾಮೂಲಿ ವೈದ್ಯಕೀಯ ಆರೈಕೆ ಪಡೆದವರಿಗಿಂತ ಇವರಲ್ಲಿ ಹೆಚ್ಚು ಮಕ್ಕಳ ನೋವು ಪೂರ್ತಿ ಹೋಯಿತು.

ನನ್ನ ಸರದಿ ಬಂದದ್ದು ಪಿಯುಸಿಗೆ ಮಂಗಳೂರಿನ ಹಾಸ್ಟೆಲ್ ಸೇರಿದ ಮೇಲೆ. ನೋವು ಜಾಸ್ತಿಯಾಗಿ, ಡಾಕ್ಟರೊಬ್ಬರು ಮನಃಶಾಸ್ತ್ರಜ್ಞೆಯ ಹತ್ತಿರ ಕಳಿಸಿದರು. ಅವರು ಮೊದಲು ಹೇಳಿದ್ದೇ "ನಿನ್ನ ನೋವು ನಿಜ" ಅಂತ. ಅಷ್ಟಕ್ಕೇ ಅತ್ತುಬಿಟ್ಟೆ.

ಚಿಕಿತ್ಸೆಯಲ್ಲಿ ಮಾಯಮಂತ್ರ ಏನಿರಲಿಲ್ಲ. ನೋವು ಬಂದಾಗ ಏನು ನಡೀತಿತ್ತು, ಏನು ಯೋಚಿಸ್ತಿದ್ದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ಹೊಟ್ಟೆ ಉಬ್ಬುವಂತೆ ನಿಧಾನ ಉಸಿರಾಡೋದು ಕಲಿತೆ. ನೋವಿದ್ದರೂ ಮೊದಲು ಒಂದು ಪೀರಿಯಡ್, ಆಮೇಲೆ ಅರ್ಧ ದಿನ, ಆಮೇಲೆ ಪೂರ್ತಿ ದಿನ ಕ್ಲಾಸಿಗೆ ಹೋದೆ. ಮನೆಯವರಿಗೂ ಪಾಠ ಇತ್ತು: ಫೋನ್ ಮಾಡಿದಾಗಲೆಲ್ಲ "ಹೊಟ್ಟೆನೋವು ಹೇಗಿದೆ?" ಅನ್ನಬೇಡಿ, "ಇವತ್ತು ಏನೇನಾಯ್ತು?" ಅನ್ನಿ.

ನೋಟ್‌ಬುಕ್ ಒಂದು ಗುಟ್ಟು ಬಿಚ್ಚಿತು. ಟೆಸ್ಟ್ ದಿನಗಳಲ್ಲಿ ನೋವು ಬರೋದು ಗೊತ್ತೇ ಇತ್ತು. ಆದರೆ ಮಳೆಗಾಲದಲ್ಲಿ ಮನೆಯಿಂದ ಫೋನ್ ಬಂದ ಮೇಲೂ ಬರ್ತಿತ್ತು. ಕಾಫಿ ಕಾಯಿ ಉದುರ್ತಿದೆ, ತೋಟದ ಸಾಲ ಹಾಗೇ ಇದೆ ಅಂತ ಅಪ್ಪ ಬಾಯಿಬಿಟ್ಟು ಹೇಳ್ತಿರಲಿಲ್ಲ. ಆ ಮೌನ ನನ್ನ ಹೊಟ್ಟೆಗೆ ಕೇಳಿಸ್ತಿತ್ತು.

ರಜೆಗೆ ಬಂದಾಗ ಅದನ್ನು ಅಪ್ಪನಿಗೆ ಓದಿ ಹೇಳಿದೆ. ಕಾಫಿ ಒಣಗಿಸೋ ಕಣದ ಕಟ್ಟೆ ಮೇಲೆ ಕೂತು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ನಂಗೂ ಕೊಯ್ಲಿನ ಟೈಮಲ್ಲಿ ಹೀಗೇ ಆಗ್ತಿತ್ತು ಮಾರಾಯ. ಗ್ಯಾಸ್ಟ್ರಿಕ್ ಅಂದ್ಕೊಂಡಿದ್ದೆ" ಅಂದರು. ನಾಟಕ ಅನ್ನೋ ಪದ ನಮ್ಮನೆಯಲ್ಲಿ ಮತ್ತೆ ಬರಲಿಲ್ಲ.

ಒಂದು ಎಚ್ಚರಿಕೆ. ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಇದ್ದರೆ, ವಾಂತಿ ನಿಲ್ಲದಿದ್ದರೆ, ನೋವು ನಿದ್ದೆಯಿಂದ ಎಬ್ಬಿಸಿದರೆ ಮೊದಲು ಡಾಕ್ಟರನ್ನು ನೋಡಿ. ಪರೀಕ್ಷೆಯಲ್ಲಿ ಏನೂ ಸಿಗದೆ ನೋವು ಉಳಿದರೆ, ಮನಸ್ಸಿನ ಚಿಕಿತ್ಸೆಯನ್ನೂ ಕೇಳಿ. ಮಂಗಳೂರಿಗೆ ಹೋಗಲಾಗದವರು ಟೆಲಿ ಮಾನಸ್‌ಗೆ ಫೋನ್ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡ್ತಾರೆ. ನಂಬರ್ 14416.

ಮುಂದಿನ ವಾರ ಸಿಗೋಣ. ಅಲ್ಲೀವರೆಗೆ, ಮನೆಯಲ್ಲಿ ತಮ್ಮನೋ ತಂಗಿಯೋ ಹೊಟ್ಟೆನೋವು ಅಂದ್ರೆ, ಮೊದಲು ನಂಬಿ.