ಮಾತ್ರೆ ಕೊಡುವ ಕೈ: ಹರದನಹಳ್ಳಿ ಸೀಮೆಯ ವೃದ್ಧರ ಆರೈಕೆ ಮತ್ತು ಔಷಧ ಕಾನೂನು

ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹರದನಹಳ್ಳಿಯನ್ನು ಇತಿಹಾಸದ ವಿದ್ಯಾರ್ಥಿಗಳು ದಿವ್ಯಲಿಂಗೇಶ್ವರ ದೇವಾಲಯಕ್ಕಾಗಿಯೂ ಗೋಸಲ ಚನ್ನಬಸವೇಶ್ವರರ ಪರಂಪರೆಗಾಗಿಯೂ ಬಲ್ಲರು. ಈ ಲೇಖನದ ಕಾಳಜಿ ಅಲ್ಲಿನ ಇಂದಿನ ಮನೆಗಳದು. ದುಡಿಯುವ ವಯಸ್ಸಿನವರು ಮೈಸೂರು, ಬೆಂಗಳೂರುಗಳ ದಾರಿ ಹಿಡಿದ ಮೇಲೆ, ಇಲ್ಲಿಂದ ಗುಂಡ್ಲುಪೇಟೆಯವರೆಗಿನ ಸೀಮೆಯಲ್ಲಿ ಬಿಪಿ, ಶುಗರ್ ಇರುವ ಹಿರಿಯರಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವವರು ಸೊಸೆ, ಪಕ್ಕದ ಮನೆಯಾಕೆ ಅಥವಾ ತಿಂಗಳ ಸಂಬಳಕ್ಕೆ ಬರುವ ಹೆಣ್ಣುಮಗಳು, ವೃದ್ಧಾಶ್ರಮವಾದರೆ ಆಯಾ. ಇವರಲ್ಲಿ ಬಹುಪಾಲು ಮಂದಿಗೆ ನರ್ಸಿಂಗ್ ನೋಂದಣಿಯೂ ಇಲ್ಲ, ಔಷಧದ ತರಬೇತಿಯೂ ಇಲ್ಲ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಸುಮಾರು ಶೇ. 9.5ರಷ್ಟಿದ್ದರು. ಇಷ್ಟು ದೊಡ್ಡ ಸಮುದಾಯದ ದಿನನಿತ್ಯದ ಔಷಧ ಯಾರ ಕೈಯಿಂದ ಬಾಯಿಗೆ ಹೋಗುತ್ತಿದೆ ಎಂಬುದನ್ನು ನಮ್ಮ ಕಾನೂನು ನೋಡಿಯೇ ಇಲ್ಲ.

ಕಾನೂನಿನ ಕಣ್ಣು ಮೆಡಿಕಲ್ ಸ್ಟೋರಿನ ಕೌಂಟರಿನವರೆಗೆ ಬಹಳ ಚುರುಕಾಗಿದೆ. 1948ರ ಫಾರ್ಮಸಿ ಕಾಯಿದೆಯ 42ನೇ ಕಲಮಿನ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧ ವಿತರಿಸುವವರು ನೋಂದಾಯಿತ ಫಾರ್ಮಸಿಸ್ಟರೇ ಆಗಿರಬೇಕು. 1945ರ ಔಷಧ ನಿಯಮಗಳ 65ನೇ ನಿಯಮವೂ ಅದನ್ನೇ ಬಿಗಿಗೊಳಿಸುತ್ತದೆ. ಮಾತ್ರೆ ಕೌಂಟರು ದಾಟಿ ಸೀರೆಯ ಸೆರಗಿಗೋ ಜೋಬಿಗೋ ಸೇರಿದ ಮೇಲೆ ಈ ಎರಡೂ ಮೌನವಾಗುತ್ತವೆ. ಪೋಷಕರು ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯಿದೆ, 2007 ಹಿರಿಯರಿಗಾಗಿಯೇ ಬಂದದ್ದು. ಅದರ 19ನೇ ಕಲಂ ಜಿಲ್ಲೆಗೊಂದಾದರೂ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮದ ಮಾತಾಡುತ್ತದೆ. 20ನೇ ಕಲಂ ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ, ಪ್ರತ್ಯೇಕ ಸರದಿ ಎನ್ನುತ್ತದೆ. ಆಶ್ರಮದೊಳಗೆ ರಾತ್ರಿ ಎಂಟಕ್ಕೆ ಮಾತ್ರೆ ಕೊಡುವುದು ಯಾರು ಎಂಬ ಪ್ರಶ್ನೆ ಎರಡರಲ್ಲೂ ಇಲ್ಲ.

ಆ ಕೈಗೆ ಬಂದು ಸೇರುವ ಔಷಧ ಯಾವ ರೂಪದಲ್ಲಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ತಿಂಗಳಿಗಾಗುವಷ್ಟು ಕೊಳ್ಳಲು ದುಡ್ಡಿಲ್ಲದವರು ಐದು ದಿನಕ್ಕೆ, ಹತ್ತು ದಿನಕ್ಕೆ ಕೊಳ್ಳುತ್ತಾರೆ. ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ಔಷಧದ ಹೆಸರೋ, ಮುಗಿಯುವ ದಿನಾಂಕವೋ ಇನ್ನೊಂದು ತುಂಡಿನಲ್ಲೇ ಉಳಿಯುತ್ತದೆ. ಬೆಳಿಗ್ಗೆಗೆ ಒಂದು ಗೀಟು, ರಾತ್ರಿಗೆ ಇನ್ನೊಂದು ಗೀಟು ಹಾಕಿದ ಕಾಗದದ ಕವರೇ ಆಯಾಳ ಪಾಲಿನ ಸೂಚನೆ. ಮುಂದಿನ ತಿಂಗಳು ಬೇರೆ ಕಂಪನಿಯ ಮಾತ್ರೆ ಬಂದರೆ ಬಣ್ಣ, ಗಾತ್ರ ಎರಡೂ ಬದಲು. ಆಕೆ ನೆನಪಿಟ್ಟುಕೊಂಡಿದ್ದ 'ಹಳದಿ ಮಾತ್ರೆ' ಅಲ್ಲಿರುವುದಿಲ್ಲ. ನುಂಗಲಾರದ ಅಜ್ಜಿಗೆ ಮಾತ್ರೆ ಅರೆದು ನೀರಲ್ಲಿ ಕಲಸಿ ಕೊಡುವುದು ಪ್ರೀತಿಯ ಕೆಲಸವೇ. ಆದರೆ ಹೆಸರಿನ ಮುಂದೆ ಎಸ್‌ಆರ್ ಎಂದು ಬರೆದ, ನಿಧಾನವಾಗಿ ಕರಗಬೇಕಾದ ಮಾತ್ರೆಯನ್ನು ಅರೆದರೆ ದಿನವಿಡೀ ಇಳಿಯಬೇಕಾದ ಔಷಧ ಒಮ್ಮೆಲೇ ದೇಹಕ್ಕೆ ಇಳಿಯುತ್ತದೆ.

ಇನ್ಸುಲಿನ್ನಿನ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ ಇದೆ, 100 ಯೂನಿಟ್ ಇರುವುದೂ ಇದೆ. ಕೆಂಪು ಮುಚ್ಚಳದ ಸಿರಿಂಜು ಮೊದಲನೆಯದಕ್ಕೆ, ಕಿತ್ತಳೆ ಮುಚ್ಚಳದ್ದು ಎರಡನೆಯದಕ್ಕೆ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಬರುವುದು ಅರ್ಧ ಮಿಲಿಲೀಟರ್, ಅಂದರೆ 50 ಯೂನಿಟ್. ಊಟ ಸೇರದ ಮುದುಕರೊಬ್ಬರಿಗೆ ಇಷ್ಟು ಹೋದರೆ ಬೆಳಗಾಗುವುದರೊಳಗೆ ಪ್ರಾಣಕ್ಕೇ ಸಂಚಕಾರ. ಮುಚ್ಚಳದ ಬಣ್ಣದ ಅರ್ಥವನ್ನು ಹೇಳಿಕೊಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಯಾರ ಹೊಣೆ ಎಂಬುದು ಎಲ್ಲಿಯೂ ಬರೆದಿಲ್ಲ.

ಹಾಗಾದರೆ ತರಬೇತಿಯಿಲ್ಲದವರು ಔಷಧ ಮುಟ್ಟಲೇಬಾರದು ಎಂದು ನಿಷೇಧಿಸುವುದೇ? ಅದಕ್ಕೆ ನನ್ನ ಸಮ್ಮತಿಯಿಲ್ಲ. ಇಂಗ್ಲೆಂಡಿನ 55 ಆರೈಕೆ ಮನೆಗಳ 256 ನಿವಾಸಿಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಕಣ್ತೆರೆಸುವಂಥದ್ದು. ಹತ್ತರಲ್ಲಿ ಏಳು ಮಂದಿಯ ಔಷಧದಲ್ಲಿ ಒಂದಾದರೂ ತಪ್ಪಿತ್ತು. ವೈದ್ಯರು ಬರೆಯುವುದರಲ್ಲಿ ಆದ ತಪ್ಪು ಶೇ. 39 ಮಂದಿಯಲ್ಲಿ, ಅಂಗಡಿಯ ವಿತರಣೆಯಲ್ಲಿ ಆದದ್ದು ಶೇ. 37 ಮಂದಿಯಲ್ಲಿ, ಕೊಡುವ ಕೈಯಿಂದ ಆದದ್ದು ಶೇ. 22 ಮಂದಿಯಲ್ಲಿ ಕಂಡಿತು. ಕೊಡುವಾಗಿನ ತಪ್ಪನ್ನು ಕೆಲವೇ ಸುತ್ತುಗಳಲ್ಲಿ ಎದುರು ನಿಂತು ನೋಡಿ ಗುರುತಿಸಿದ್ದರಿಂದ ಈ ಅಂಕಿಗಳನ್ನು ನೇರವಾಗಿ ತೂಗಿ ನೋಡಲಾಗದು. ಆದರೂ ಒಂದು ಮಾತು ಸ್ಪಷ್ಟ: ಆಯಾಳ ಕೈಗೆ ಬರುವ ಮುನ್ನವೇ ತಪ್ಪು ಹಲವು ಬಾರಿ ಆಗಿರುತ್ತದೆ. ಅನಾಹುತವಾದಾಗ ಕೊನೆಯ ಕೈಯನ್ನು ಹಿಡಿದು ನಿಲ್ಲಿಸುವುದು ಸುಲಭ, ಅನ್ಯಾಯವೂ ಹೌದು.

ಅಲ್ಲದೆ, ನೋಂದಣಿಯಿಲ್ಲದ ಕೈಯನ್ನು ನಂಬಿದ ಪೂರ್ವನಿದರ್ಶನ ನಮ್ಮ ಕಾನೂನಿನೊಳಗೇ ಇದೆ. ಔಷಧ ನಿಯಮಗಳ ಕೆ ಅನುಸೂಚಿಯ 23ನೇ ನಮೂದು, ಸರ್ಕಾರಿ ಆರೋಗ್ಯ ಕಾರ್ಯಕ್ರಮಗಳಡಿ ಔಷಧ ಕೊಡುವ ಸಮುದಾಯ ಆರೋಗ್ಯ ಸ್ವಯಂಸೇವಕರು, ಅಂಗನವಾಡಿ ಕಾರ್ಯಕರ್ತೆಯರು ಮೊದಲಾದವರಿಗೆ ಮಾರಾಟ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪ್ಯಾರಾಸಿಟಮಾಲ್, ಓಆರ್‌ಎಸ್, ಕಬ್ಬಿಣಾಂಶದ ಮಾತ್ರೆ ಇರುತ್ತವೆ. ಕ್ಷಯದ ಔಷಧವನ್ನು ಕಣ್ಣೆದುರೇ ನುಂಗಿಸುವ ಹೊಣೆಯನ್ನೂ ಇಂಥ ಹೆಣ್ಣುಮಕ್ಕಳೇ ವರ್ಷಗಟ್ಟಲೆ ಹೊತ್ತಿದ್ದಾರೆ. ಇಲ್ಲಿ ನಂಬಿಕೆಗೆ ಆಧಾರಗಳಿವೆ: ಔಷಧಗಳ ಪಟ್ಟಿ ಚಿಕ್ಕದು, ಕಲಿಸಿದವರಿದ್ದಾರೆ, ಸಂಶಯ ಬಂದರೆ ಕೇಳಲು ಮೇಲ್ವಿಚಾರಕಿ ಇದ್ದಾಳೆ, ಕೊಟ್ಟದ್ದು ಬರಹದಲ್ಲಿ ಉಳಿಯುತ್ತದೆ. ವೃದ್ಧರ ಆರೈಕೆ ಮಾಡುವಾಕೆಗೆ ಇವುಗಳಲ್ಲಿ ಒಂದೂ ಸಿಕ್ಕಿಲ್ಲ.

ಸ್ಥಳೀಯ ಹೆಣ್ಣುಮಕ್ಕಳಿಗೆ ಕಲಿಸಬಹುದೇ ಎಂಬ ಸಂಶಯಕ್ಕೆ ಈ ಜಿಲ್ಲೆಯೇ ಉತ್ತರ ಕೊಟ್ಟಿದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಸೋಲಿಗರ ಹೆಣ್ಣುಮಕ್ಕಳನ್ನೇ ಸಹಾಯಕ ದಾದಿಯರನ್ನಾಗಿ ತಯಾರು ಮಾಡಿತು. ಅವರು ಓದಿ ಅರ್ಹತೆ ಪಡೆದವರು, ಆಯಾಗಳಿಗಿಂತ ಬೇರೆ, ನಿಜ. ಆದರೆ ಪೋಡಿನಿಂದ, ಅಂದರೆ ಸೋಲಿಗರ ಹಾಡಿಯಿಂದ, ಬಂದವರು ಔಷಧದ ಶಿಸ್ತು ಕಲಿತರೆಂಬುದು ಮುಖ್ಯ. ಗುಂಡ್ಲುಪೇಟೆಯ ಗಡಿಯಾಚೆ ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ನೀತಿ ರೂಪಿಸಿ, ಮನೆಮನೆಗೆ ಹೋಗುವ ನರ್ಸ್ ಮತ್ತು ಊರಿನ ಸ್ವಯಂಸೇವಕರನ್ನು ಒಂದೇ ವ್ಯವಸ್ಥೆಗೆ ತಂದಿತು.

ಇಂಥ ವ್ಯವಸ್ಥೆ ಇಲ್ಲೂ ಬರುವುದಾದರೆ, ಆಯಾ ಏನು ಮಾಡಬೇಕು ಎಂಬುದರಷ್ಟೇ ಏನು ಮಾಡಬಾರದು ಎಂಬುದೂ ಖಚಿತವಾಗಿರಬೇಕು. ಇನ್ಸುಲಿನ್ನಿನ ಪ್ರಮಾಣ ಬದಲಿಸುವುದು, ನಿದ್ದೆ ಬರದವರಿಗೆ ತಾನೇ ನಿದ್ದೆ ಮಾತ್ರೆ ಕೊಡುವುದು, ಒಬ್ಬರ ಔಷಧ ಇನ್ನೊಬ್ಬರಿಗೆ ದಾಟಿಸುವುದು ಆಕೆಯ ಕೆಲಸವಲ್ಲ. ವೈದ್ಯರು ಬಿಡಿಸಿ ಬರೆದದ್ದನ್ನು, ಹೆಸರು ಅಂಟಿಸಿದ ಡಬ್ಬಿಯಿಂದ, ಹೇಳಿದ ಹೊತ್ತಿಗೆ ಕೊಟ್ಟು, ಕನ್ನಡದಲ್ಲಿ ಅಚ್ಚಾದ ಹಾಳೆಯಲ್ಲಿ ಗುರುತು ಹಾಕುವುದು ಆಕೆಯ ಕೆಲಸವಾಗಲಿ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಆ ಹಾಳೆಯನ್ನು ತಿಂಗಳಿಗೊಮ್ಮೆ ನೋಡಲಿ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ವೃದ್ಧಾಶ್ರಮಗಳ ಗುಣಮಟ್ಟ ಮತ್ತು ವೈದ್ಯಕೀಯ ಆರೈಕೆಯ ಯೋಜನೆ ರೂಪಿಸುವ ಅಧಿಕಾರವನ್ನು 2007ರ ಕಾಯಿದೆಯ 19(2)ನೇ ಕಲಂ ರಾಜ್ಯ ಸರ್ಕಾರಕ್ಕೆ ಈಗಾಗಲೇ ಕೊಟ್ಟಿದೆ; ಅದನ್ನು ಬಳಸಿ ಚಾಮರಾಜನಗರದಿಂದಲೇ ಆರಂಭಿಸಲಿ.